ಕೋಲ್ಡ್ ರೂಮಿನ ರಿಜಿಸ್ಟರ್: ‘ಅಧೀನರಾಗಿರಿ’ ಎಂಬ ಮಾತು ಕೆಲಸದ ಜಾಗಕ್ಕೆ ಬಂದಾಗ

ಇದು ನಮ್ಮ ಕ್ರೈಸ್ತ ಸಭೆಯ ಒಬ್ಬ ಸಹೋದರಿಯ ಪ್ರಕರಣ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಅವರು ಔಷಧಿ ಸರಬರಾಜು ಮಾಡುವ ಗೋದಾಮೊಂದರಲ್ಲಿ ಕೋಲ್ಡ್ ರೂಮಿನ ಇನ್‌ಚಾರ್ಜ್ ಆಗಿದ್ದರು. ಇನ್ಸುಲಿನ್, ಲಸಿಕೆ, ಇನ್ನೂ ಕೆಲವು ಇಂಜೆಕ್ಷನ್‌ಗಳು ಅಲ್ಲಿರುತ್ತವೆ. ಇವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕು. 8 ದಾಟಿ ಹೊತ್ತು ಕಳೆದಂತೆ ಔಷಧಿಯ ಶಕ್ತಿ ಕುಂದುತ್ತದೆ. ಇನ್ಸುಲಿನ್‌ನಂಥವು ಹೆಪ್ಪುಗಟ್ಟಿದರೆ ಉಪಯೋಗಕ್ಕೇ ಬರುವುದಿಲ್ಲ. ಕಷ್ಟ ಏನೆಂದರೆ, ಎಷ್ಟೋ ಸಲ ಇದು ಕಣ್ಣಿಗೆ ಕಾಣುವುದಿಲ್ಲ. ಶಕ್ತಿ ಕಳೆದುಕೊಂಡ ಸೀಸೆಯೂ ಒಳ್ಳೆಯ ಸೀಸೆಯೂ ನೋಡಲು ಒಂದೇ ಥರ. ಅದಕ್ಕೇ ಅಲ್ಲಿ ಟೆಂಪರೇಚರ್ ರಿಜಿಸ್ಟರ್‌ಗೆ ಅಷ್ಟು ಬೆಲೆ. ಎಲ್ಲೋ ದೂರದಲ್ಲಿ ಸೂಜಿ ಚುಚ್ಚಿಸಿಕೊಳ್ಳುವ ರೋಗಿಯ ಪರವಾಗಿ ಆ ಕೋಣೆಯಲ್ಲಿ ಸಾಕ್ಷಿ ಹೇಳುವುದು ಆ ಪುಸ್ತಕವೇ.

ಆ ಸೋಮವಾರ

ಬೆಳಿಗ್ಗೆ ಸಹೋದರಿ ಕೆಲಸಕ್ಕೆ ಬಂದಾಗ ಕೋಣೆಯ ಡಿಸ್ಪ್ಲೇಯಲ್ಲಿ 5 ಡಿಗ್ರಿ ಇತ್ತು. ರಾತ್ರಿ ಪಾಳಿಯ ಹುಡುಗ ರಿಜಿಸ್ಟರ್‌ನಲ್ಲಿ 5 ಎಂದೇ ಬರೆದಿದ್ದ. ಆದರೆ ಅವನ ಮುಖ ಸರಿ ಇರಲಿಲ್ಲ. ಅನುಮಾನ ಬಂದು ಇವರು, ಕೋಣೆಯ ತಾಪಮಾನವನ್ನು ತಾನೇ ದಾಖಲಿಸಿಕೊಳ್ಳುವ ಡೇಟಾ ಲಾಗರ್ ತೆಗೆದು ಕಂಪ್ಯೂಟರ್‌ಗೆ ಹಾಕಿದರು. ಗ್ರಾಫಿನ ಗೆರೆ ರಾತ್ರಿ ಒಂದೂವರೆವರೆಗೆ ಸಪಾಟಾಗಿತ್ತು. ಆಮೇಲೆ ಮೇಲಕ್ಕೆ ಎದ್ದು 12 ಡಿಗ್ರಿ ಮುಟ್ಟಿ, ಐದು ಗಂಟೆ ಹೊತ್ತಿಗೆ ಮತ್ತೆ 8ರ ಕೆಳಗೆ ಇಳಿದಿತ್ತು. ಕೋಣೆಯನ್ನು ತಂಪಾಗಿಡುವ ಕಂಪ್ರೆಸರ್ ಟ್ರಿಪ್ ಆಗಿ ನಿಂತಿತ್ತು. ಹುಡುಗ ನೋಡಿದ್ದು ತಡವಾಗಿ. ನೋಡಿದ ಮೇಲೆ ಮ್ಯಾನೇಜರ್‌ಗೆ ಫೋನ್ ಮಾಡಿ, ಅವರು ಹೇಳಿದಂತೆ ಬರೆದಿದ್ದ.

ಸಹೋದರಿ ಮೊದಲು ಮಾಡಿದ ಕೆಲಸ ಕೋಣೆಯ ಬಾಗಿಲಿಗೆ ಕೆಂಪು ಚೀಟಿ ಅಂಟಿಸಿದ್ದು: ‘ತಡೆಹಿಡಿದಿದೆ. ಮಾಲು ಹೊರಗೆ ಕಳಿಸಬಾರದು.’ ಅದು ಅವರ ಅಧಿಕಾರದಲ್ಲೇ ಇತ್ತು, ಕಂಪನಿಯ ಲಿಖಿತ ನಿಯಮವೂ ಅದನ್ನೇ ಹೇಳುತ್ತಿತ್ತು. ಅರ್ಧ ಗಂಟೆಯಲ್ಲಿ ಮ್ಯಾನೇಜರ್ ಕರೆದರು.

"ಮೇಡಂ, ಏನೂ ಆಗಿಲ್ಲ. ಬೆಳಿಗ್ಗೆ ಐದು ಡಿಗ್ರಿ ಇತ್ತು ತಾನೆ? ಐದು ಅಂತಲೇ ಇರಲಿ. ಲಾಗರ್ ಕ್ಯಾಲಿಬ್ರೇಷನ್‌ಗೆ ಹೋಗಿತ್ತು ಅಂತ ಒಂದು ಷರಾ ಬರೆದು ಸಹಿ ಹಾಕಿ. ಚೀಟಿ ತೆಗೀರಿ, ಮಧ್ಯಾಹ್ನ ಗಾಡಿ ಹೊರಡಬೇಕು."

ಅಂದರೆ, ಲಾಗರ್ ಅಳತೆಯ ಪರೀಕ್ಷೆಗೆ ಹೋಗಿತ್ತು, ಆ ರಾತ್ರಿ ಕೋಣೆಯಲ್ಲಿ ಇರಲೇ ಇಲ್ಲ ಎಂದು ಬರೆಯುವುದು. ಇವರು ಸುಮ್ಮನೆ ನಿಂತಿದ್ದರು. ಮ್ಯಾನೇಜರ್ ಇನ್ನೊಂದು ಮಾತು ಸೇರಿಸಿದರು. "ನಿಮ್ಮ ಬೈಬಲ್ಲಲ್ಲೇ ಇದೆಯಂತಲ್ಲ, ಮೇಲಿನವರ ಮಾತು ಕೇಳಬೇಕು ಅಂತ?"

"ಸರ್, ಮಧ್ಯಾಹ್ನದವರೆಗೆ ಟೈಮ್ ಕೊಡಿ" ಎಂದಷ್ಟೇ ಹೇಳಿ ಹೊರಗೆ ಬಂದರು. ಬಂದವರೇ ನನಗೆ ಫೋನ್ ಮಾಡಿದರು.

ನಾನು ಕೊಟ್ಟ ಅವಸರದ ಉತ್ತರ

ಪೂರ್ತಿ ಕೇಳುವ ಮೊದಲೇ ನಾನು ಹೇಳಿಬಿಟ್ಟೆ. "ಇದರಲ್ಲಿ ಯೋಚನೆ ಮಾಡೋದೇನಿದೆ? ಅಪೊಸ್ತಲರ ಕೃತ್ಯ 5:29. ಮನುಷ್ಯರ ಮಾತಿಗಿಂತ ದೇವರ ಮಾತು ದೊಡ್ಡದು. ಆಗಲ್ಲ ಅಂತ ಹೇಳಿಬಿಡಿ."

ಸಹೋದರಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು, "ಸಹಿ ಹಾಕಲ್ಲ ಅನ್ನೋದು ನನಗೆ ಆಗಲೇ ತೀರ್ಮಾನ ಆಗಿದೆ ಅಣ್ಣ. ಅದಕ್ಕೆ ಫೋನ್ ಮಾಡಿಲ್ಲ. ಈ ಮನುಷ್ಯನಿಗೆ ನಾನು ಈಗ ಅಧೀನಳಾಗಿರೋದು ಹೇಗೆ? ಒಳಗೆಲ್ಲಾ ಕುದೀತಿದೆ. ಹೋಗಿ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟರೆ ಸಮಾಧಾನ ಆಗುತ್ತೆ. ಆ ಸಮಾಧಾನದ ಮೇಲೇ ನನಗೆ ಭಯ."

ನನಗೆ ಉತ್ತರ ಹೊಳೆಯಲಿಲ್ಲ. ಒಂದು ಗಂಟೆ ಬಿಟ್ಟು ಮಾತಾಡೋಣ ಎಂದು ಹೇಳಿ ಬೈಬಲ್ ತೆರೆದು ಕೂತೆ. ಈ ಬರಹದ ಮುಖ್ಯ ವಿಷಯ ಆ ಒಂದು ಗಂಟೆಯಲ್ಲಿ ಕಂಡದ್ದು.

ಮೊದಲು ಕಂಡದ್ದು ಇದು. ದೇವರಿಗೇ ಹೆಚ್ಚಾಗಿ ವಿಧೇಯರಾಗಬೇಕು ಎಂದು ನ್ಯಾಯಸಭೆಯ ಎದುರು ನಿಂತು ಹೇಳಿದವನು ಯೇಸುವಿನ ಶಿಷ್ಯ ಪೇತ್ರ. ಕೆಲಸದವರೇ, ಒಳ್ಳೆಯ ಯಜಮಾನರಿಗೆ ಮಾತ್ರವಲ್ಲ, ವಕ್ರಬುದ್ಧಿಯವರಿಗೂ ಅಧೀನರಾಗಿರಿ ಎಂದು ತನ್ನ ಮೊದಲನೇ ಪತ್ರದ 2:18ರಲ್ಲಿ ಬರೆದವನೂ ಪೇತ್ರನೇ. ನಾವು ಈ ಎರಡನ್ನೂ ತಕ್ಕಡಿಯ ಎರಡು ತಟ್ಟೆಗೆ ಹಾಕುತ್ತೇವೆ. ಒಂದು ಎದ್ದರೆ ಇನ್ನೊಂದು ಇಳಿಯಬೇಕು ಎನ್ನುವ ಹಾಗೆ. ಪೇತ್ರನ ಬದುಕಿನಲ್ಲಿ ಹಾಗಿರಲಿಲ್ಲ. ಅದೇ 5ನೇ ಅಧ್ಯಾಯ ಮುಂದೆ ಓದಿ. ಯೇಸುವಿನ ವಿಷಯ ಸಾರುವುದನ್ನು ನಿಲ್ಲಿಸುವುದಿಲ್ಲ ಎಂದ ಅಪೊಸ್ತಲರು ನ್ಯಾಯಸಭೆಯವರ ಮೇಲೆ ಜನರನ್ನು ಎತ್ತಿಕಟ್ಟಲಿಲ್ಲ. ಏಟು ತಿಂದು ಹೊರಗೆ ಬಂದರು. ಆಜ್ಞೆಗೆ ಇಲ್ಲ ಎಂದರೂ ಆ ಅಧಿಕಾರದ ಕೆಳಗೇ ನಿಂತಿದ್ದರು.

ಪೇತ್ರ ಅಲ್ಲಿ ಬಳಸಿದ ಗ್ರೀಕ್ ಪದ ‘ಹುಪೊಟಾಸ್ಸೊ’ ಎಂಬುದರ ಒಂದು ರೂಪ. ಕೆಳಗೆ, ಕ್ರಮದಲ್ಲಿ ನಿಲ್ಲು ಎಂಬ ಅರ್ಥ ಅದರ ಒಳಗಿದೆ. ಇನ್ನೊಬ್ಬ ಅಪೊಸ್ತಲ ಪೌಲ ತನ್ನ ಪತ್ರಗಳಲ್ಲಿ, ಎಫೆಸ 6ರಲ್ಲೂ ಕೊಲೊಸ್ಸೆ 3ರಲ್ಲೂ, ದಾಸರಿಗೆ ಬಳಸುವುದು ಬೇರೆ ಪದ, ಕಿವಿಗೊಟ್ಟು ಕೇಳು, ವಿಧೇಯನಾಗು ಎಂಬುದು. ಹಾಗಾಗಿ ‘ಅಧೀನತೆ ಬೇರೆ, ವಿಧೇಯತೆ ಬೇರೆ, ಹೇಳಿದ್ದನ್ನು ಮಾಡಬೇಕಾಗಿಲ್ಲ’ ಎಂದು ಸುಲಭವಾಗಿ ಜಾರಿಕೊಳ್ಳಲು ಆಗುವುದಿಲ್ಲ. ದಿನನಿತ್ಯದ ನೂರು ವಿಷಯಗಳಲ್ಲಿ ಹೇಳಿದ್ದನ್ನು ಮಾಡಲೇಬೇಕು. ಇಷ್ಟವಿಲ್ಲದ್ದನ್ನೂ, ಅರ್ಥವಿಲ್ಲ ಅನ್ನಿಸಿದ್ದನ್ನೂ.

ಪೇತ್ರ ಹೇಳುವ ವಕ್ರಬುದ್ಧಿಗೆ ಗ್ರೀಕ್‌ನಲ್ಲಿ ‘ಸ್ಕೋಲಿಯೊಸ್’ ಎನ್ನುತ್ತಾರೆ. ಸೊಟ್ಟಗಿರುವುದು ಎಂದರ್ಥ. ಬೆನ್ನುಮೂಳೆ ಸೊಟ್ಟಗಾಗುವ ಸ್ಕೋಲಿಯೋಸಿಸ್ ಕಾಯಿಲೆಯ ಹೆಸರೂ ಇದೇ ಬೇರಿನದು. ಸೊಟ್ಟಗಿರುವ ಯಜಮಾನನಿಗೂ ಅಧೀನನಾಗು ಎಂದರೆ, ಅವನ ಜೊತೆ ಸೇರಿ ನೀನೂ ಸೊಟ್ಟಗಾಗು ಎಂದಲ್ಲ. ಎರಡೇ ವಚನ ಮುಂದೆ ಪೇತ್ರ ಕೇಳುತ್ತಾನೆ: ತಪ್ಪು ಮಾಡಿ ಏಟು ತಿಂದು ಸಹಿಸಿಕೊಂಡರೆ ಅದರಲ್ಲಿ ಏನು ಹೆಚ್ಚುಗಾರಿಕೆ? ಒಳ್ಳೆಯದನ್ನು ಮಾಡಿಯೂ ಬಾಧೆಪಟ್ಟು ತಾಳಿಕೊಳ್ಳುವುದೇ ದೇವರಿಗೆ ಮೆಚ್ಚುಗೆ.

ಇನ್ನೊಂದು ಪದ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿತು. ‘ಒಫ್ಥಾಲ್ಮೊಡುಲಿಯಾ’. ಕಣ್ಣಿಗೆ ಮಾಡುವ ಸೇವೆ. ಹೊಸ ಒಡಂಬಡಿಕೆಯಲ್ಲಿ ಇದು ಎರಡೇ ಕಡೆ ಬರುತ್ತದೆ, ಎಫೆಸ 6:6 ಮತ್ತು ಕೊಲೊಸ್ಸೆ 3:22. ಎರಡೂ ಕಡೆ ಕೆಲಸ ಮಾಡುವವರಿಗೇ ಹೇಳಿದ ಮಾತು: ನೋಡುವವರ ಕಣ್ಣಿಗಾಗಿ ದುಡಿಯಬೇಡಿ. ಯಜಮಾನ ನೋಡುವಾಗ ಮಾತ್ರ ಕೆಲಸ ಮಾಡುವವನು ಎಂದು ನಾವು ಅರ್ಥ ಮಾಡಿಕೊಳ್ಳುತ್ತೇವೆ, ಅದು ಸರಿಯೇ. ಆದರೆ ಆ ಸೋಮವಾರ ಮ್ಯಾನೇಜರ್ ಕೇಳಿದ್ದೂ ಅದನ್ನೇ ಅಲ್ವಾ? ಆಡಿಟರ್ ಕಣ್ಣಿಗೆ ಸರಿ ಕಾಣುವ ಒಂದು ಸಾಲು. ಸಹಿ ಹಾಕಿದ್ದರೆ ವಿಧೇಯತೆಯಂತೆ ಕಾಣುತ್ತಿತ್ತು, ಒಳಗೆ ಅದು ಪೌಲ ಬೇಡ ಎಂದ ಕೆಲಸವೇ ಆಗಿರುತ್ತಿತ್ತು. ಮೇಲಾಗಿ ಅದು ಆ ಮ್ಯಾನೇಜರ್‌ಗೂ ದ್ರೋಹ. ಅವರು ಒಂದು ಹಳ್ಳಕ್ಕೆ ಕಾಲಿಡುತ್ತಿದ್ದಾರೆ. ಹಿಂದೆ ನಿಂತವರು ‘ಹೂಂ ಸರ್’ ಎಂದರೆ ಅದು ಗೌರವವಾ?

ಲೂಥರನ್ ಸಭೆಗಳು ತಮ್ಮ ನಂಬಿಕೆಯನ್ನು ಬರೆದಿಟ್ಟ 1530ರ ಆಗ್ಸ್‌ಬರ್ಗ್ ವಿಶ್ವಾಸದ ಅರಿಕೆಯ 16ನೇ ವಿಧಿಯಲ್ಲೂ ಇದೇ ಗೆರೆ ಇದೆ. ಅಧಿಕಾರಿಗಳಿಗೆ ವಿಧೇಯರಾಗಬೇಕು, ಪಾಪ ಮಾಡಲು ಹೇಳಿದಾಗ ಹೊರತು. ಅದು ಆಳುವವರ ಬಗ್ಗೆ ಬರೆದದ್ದಾದರೂ ಗೋದಾಮಿಗೂ ಸಲ್ಲುತ್ತದೆ. ಆದರೆ ಗೆರೆ ಎಲ್ಲಿದೆ ಎಂದು ಸಹೋದರಿಗೆ ಗೊತ್ತಿತ್ತು. ಗೆರೆಯ ಮೇಲೆ ನಿಂತು ಹೇಗೆ ಮಾತಾಡುವುದು ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿದ್ದು ದಾನಿಯೇಲನ ಮೊದಲನೇ ಅಧ್ಯಾಯದಲ್ಲಿ.

ದಾನಿಯೇಲ ಅಧಿಕಾರಿಯ ಭಯ ಕೇಳಿಸಿಕೊಂಡ

ಬಾಬೆಲಿಗೆ ಸೆರೆಯಾಗಿ ಬಂದಿದ್ದ ಯೆಹೂದ್ಯ ಯುವಕ ದಾನಿಯೇಲ, ಅಲ್ಲಿನ ಅರಸನ ಊಟದಿಂದ ಅಶುದ್ಧನಾಗುವುದಿಲ್ಲ ಎಂದು ಮನಸ್ಸಿನಲ್ಲಿ ನಿಶ್ಚಯಿಸಿದ. ನಿಶ್ಚಯ ಮೊದಲೇ ಆಯಿತು. ಆದರೂ ಹೊರಗೆ ಬಂದು ಮಾಡಿದ್ದು ಬೇಡಿಕೆ. ಅಪ್ಪಣೆ ಕೊಡಿ ಎಂದು ಕೇಳಿದ. ಮೇಲಧಿಕಾರಿ ಒಪ್ಪಲಿಲ್ಲ, ಕಾರಣವನ್ನೂ ಬಿಚ್ಚಿ ಹೇಳಿದ: ನಿಮ್ಮ ಮುಖ ಬಾಡಿದ್ದು ಅರಸನ ಕಣ್ಣಿಗೆ ಬಿದ್ದರೆ ನನ್ನ ತಲೆಗೆ ಬರುತ್ತದೆ. ದಾನಿಯೇಲ ಆ ಭಯವನ್ನು ತಳ್ಳಿಹಾಕಲಿಲ್ಲ. ತಮ್ಮನ್ನು ನೋಡಿಕೊಳ್ಳುತ್ತಿದ್ದ ಮೇಲ್ವಿಚಾರಕನ ಹತ್ತಿರ ಹೋಗಿ, ಹತ್ತು ದಿನ ಕಾಯಿಪಲ್ಯ ಮತ್ತು ನೀರು ಕೊಟ್ಟು ಪರೀಕ್ಷಿಸಿ ನೋಡಿ, ಆಮೇಲೆ ನಿಮಗೆ ಕಂಡಂತೆ ಮಾಡಿ ಎಂದ. ಅಧಿಕಾರಿಯ ತಲೆಯೂ ಉಳಿಯಬೇಕು, ತನ್ನ ಮನಸ್ಸಾಕ್ಷಿಯೂ ಉಳಿಯಬೇಕು. ಅಂಥ ದಾರಿ ಹುಡುಕುವ ಕೆಲಸವನ್ನು ದಾನಿಯೇಲ ತನ್ನ ಮೇಲೆ ಹಾಕಿಕೊಂಡ. ನನ್ನ ಮಟ್ಟಿಗೆ ಕೆಲಸದ ಜಾಗದ ಅಧೀನತೆ ಎಂದರೆ ಇದು.

ಮತ್ತೆ ಫೋನ್ ಮಾಡಿದಾಗ ಇದನ್ನು ಹೇಳಿದೆ. "ಅವರಿಗೆ ಯಾವುದರ ಭಯ ಅಂತ ಕೇಳಿದ್ರಾ?" ಎಂದೆ. ಕೇಳಿರಲಿಲ್ಲ.

ಮಧ್ಯಾಹ್ನ ನಡೆದದ್ದನ್ನು ಅವರು ಹೇಳಿದ ಹಾಗೇ ಬರೆಯುತ್ತೇನೆ. ಲಿಖಿತ ನಿಯಮದ ಫೈಲ್, ಗ್ರಾಫಿನ ಪ್ರಿಂಟ್ ಎರಡನ್ನೂ ಹಿಡಿದುಕೊಂಡು ಒಳಗೆ ಹೋಗಿ ಬಾಗಿಲು ಮುಚ್ಚಿದರು. ಬೇರೆಯವರ ಎದುರು ಈ ಮಾತು ಎತ್ತಬಾರದು ಎಂದು ಅವರೇ ನಿರ್ಧರಿಸಿದ್ದರು. "ಸರ್, ನಾನು ಆ ಷರಾ ಬರೆಯೋಕೆ ಆಗಲ್ಲ. ಅದು ಸುಳ್ಳು. ಆದರೆ ಇದರಿಂದ ನಿಮಗೆ ಏನು ತೊಂದರೆ ಆಗುತ್ತೆ ಅಂತ ಹೇಳಿ, ನನ್ನ ಕೈಲಿ ಆಗೋದನ್ನ ಮಾಡ್ತೀನಿ."

ಮ್ಯಾನೇಜರ್ ಮೊದಲು ರೇಗಿದರು. ಕೆಲಸದ ಮಾತು ಎತ್ತಿದರು. ಇವರು ಕದಲಲಿಲ್ಲ, ಎದುರುತ್ತರವನ್ನೂ ಕೊಡಲಿಲ್ಲ. ಕೊನೆಗೆ ವಿಷಯ ಹೊರಗೆ ಬಂತು. ಅಲಾರ್ಮ್ ಕರೆ ಹೋಗುತ್ತಿದ್ದುದು ಒಂದೇ ನಂಬರ್‌ಗೆ, ಮ್ಯಾನೇಜರ್ ಫೋನಿಗೆ. ಆ ರಾತ್ರಿ ಅದು ಸೈಲೆಂಟ್‌ನಲ್ಲಿತ್ತು. ಹಿಂದಿನ ಆಡಿಟ್‌ನಲ್ಲಿ ಎರಡನೇ ನಂಬರ್ ಸೇರಿಸಿ ಎಂದು ಹೇಳಿದ್ದರು. ಸೇರಿಸಿರಲಿಲ್ಲ. ಮಾಲು ಪೂರ್ತಿ ನಾಶ ಮಾಡಬೇಕಾಗಿ ಬಂದರೆ ಅದು ತನ್ನ ಕುತ್ತಿಗೆಗೇ ಬರುತ್ತದೆ ಎಂದು ಅವರ ಎಣಿಕೆ.

ಇಲ್ಲಿ ಕೆಲಸ ಗೊತ್ತಿದ್ದದ್ದು ಉಪಯೋಗಕ್ಕೆ ಬಂತು. ಭಕ್ತಿ ಮಾತ್ರ ಇದ್ದು ಕಸುಬು ಗೊತ್ತಿಲ್ಲದಿದ್ದರೆ ಈ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ತಾಪಮಾನ 8 ದಾಟಿತು ಎಂದ ಮಾತ್ರಕ್ಕೆ ಎಲ್ಲ ಮಾಲು ಕೆಟ್ಟಿತು ಎಂದಲ್ಲ. ಎಷ್ಟು ಡಿಗ್ರಿ, ಎಷ್ಟು ಹೊತ್ತು ಎಂಬ ಲೆಕ್ಕ ಕೊಟ್ಟರೆ, ತಯಾರಕರು ತಮ್ಮ ಬಳಿ ಇರುವ ಸ್ಟೆಬಿಲಿಟಿ ಪರೀಕ್ಷೆಯ (ಔಷಧಿ ಎಷ್ಟು ಬಿಸಿಯನ್ನು ಎಷ್ಟು ಹೊತ್ತು ತಾಳುತ್ತದೆ ಎಂಬ ಪರೀಕ್ಷೆಯ) ಮಾಹಿತಿ ನೋಡಿ ಯಾವುದನ್ನು ಬಳಸಬಹುದು, ಯಾವುದನ್ನು ಬಳಸಬಾರದು ಎಂದು ಹೇಳುತ್ತಾರೆ. ಅದನ್ನು ಗೋದಾಮಿನವರು ಊಹಿಸುವ ಹಾಗಿಲ್ಲ. ಸಹೋದರಿ ಕೇಳಿಕೊಂಡದ್ದು ಇಷ್ಟು: ಮಾಲು ಬೇರೆ ಇಡೋಣ, ಗ್ರಾಫ್ ಇದ್ದ ಹಾಗೇ ಕ್ವಾಲಿಟಿ ವಿಭಾಗಕ್ಕೆ ಕಳಿಸೋಣ, ತಯಾರಕರ ಉತ್ತರ ಬರುವವರೆಗೆ ಕಾಯೋಣ. ವರದಿಯನ್ನು ನೀವೇ ಮೊದಲು ಕಳಿಸಿ ಸರ್, ಎರಡನೇ ನಂಬರ್ ಇವತ್ತೇ ಸೇರಿಸಿದ್ದೇವೆ ಅಂತಲೂ ಬರೆಯಿರಿ, ಆ ನಂಬರ್ ನನ್ನದೇ ಇರಲಿ. ಕರಡು ನಾನು ಮಾಡಿಕೊಡ್ತೀನಿ.

ಮ್ಯಾನೇಜರ್ ಒಪ್ಪಿದರು. ಮನಸ್ಸಿನಿಂದ ಅಲ್ಲ, ಬೇರೆ ದಾರಿ ಕಾಣದೆ. ಅವರು ಒಪ್ಪದೆ ಹೋಗಿದ್ದರೆ ಕ್ವಾಲಿಟಿ ವಿಭಾಗಕ್ಕೆ ಸಹೋದರಿಯೇ ತಿಳಿಸಬೇಕಾಗುತ್ತಿತ್ತು, ಹಾಗೆ ಮಾಡುವುದಾಗಿ ಒಳಗೆ ಹೋಗುವ ಮೊದಲೇ ನನಗೆ ಹೇಳಿದ್ದರು. ರೋಗಿಗಳ ಜೀವದ ವಿಷಯದಲ್ಲಿ ಕಾಯುತ್ತಾ ಕೂರುವುದು ಅಧೀನತೆ ಆಗುವುದಿಲ್ಲ.

ರಾತ್ರಿ ಪಾಳಿಯ ಹುಡುಗ

ಈ ಭಾಗ ಯಾರೂ ಕೇಳುವುದಿಲ್ಲ, ನನಗೆ ಮಾತ್ರ ಇದು ದೊಡ್ಡದು. ಸಹೋದರಿಗೆ ಮೇಲೆ ಒಬ್ಬರಿದ್ದ ಹಾಗೆ, ಕೆಳಗೂ ಒಬ್ಬನಿದ್ದ. ಅವನ ಪಾಲಿಗೆ ಅಧಿಕಾರ ಎಂದರೆ ಇವರೇ. ಪೌಲ ದಾಸರಿಗೆ ನಾಲ್ಕು ಮಾತು ಹೇಳಿದ ಕೂಡಲೇ ಯಜಮಾನರ ಕಡೆ ತಿರುಗಿ, ಬೆದರಿಸುವುದನ್ನು ಬಿಡಿ, ನಿಮಗೂ ಪರಲೋಕದಲ್ಲಿ ಒಬ್ಬ ಯಜಮಾನನಿದ್ದಾನೆ ಎನ್ನುತ್ತಾನೆ. ಮೇಲಿನವರಿಂದ ಬಂದ ಒತ್ತಡವನ್ನು ಕೆಳಗಿನವರ ತಲೆಗೆ ಸುರಿಯುವುದು ಎಲ್ಲ ಕಡೆ ನಡೆಯುವಂಥದ್ದು. ಅಂದು ಬೆಳಿಗ್ಗೆ ಇವರ ಬಾಯಲ್ಲೂ ಬೈಗುಳ ಬಂದಿತ್ತಂತೆ, ನುಂಗಿಕೊಂಡರಂತೆ.

ಸಂಜೆ ಹುಡುಗ ಪಾಳಿಗೆ ಬಂದಾಗ ರಿಜಿಸ್ಟರ್ ತೆರೆದು ಪಕ್ಕದಲ್ಲಿ ಕೂರಿಸಿಕೊಂಡರು. ಹಾಳೆ ಹರಿಯಬಾರದು, ವೈಟ್ನರ್ ಹಚ್ಚಬಾರದು. ಒಂದೇ ಗೆರೆ ಎಳೆಯಬೇಕು, ಹಳೆಯದು ಓದಲು ಬರುವ ಹಾಗೆ. ಪಕ್ಕದಲ್ಲಿ ಸರಿಯಾದ ವಿವರ, ಕಾರಣ, ಸಹಿ, ತಾರೀಖು. ಹುಡುಗ ಪೆನ್ನು ಹಿಡಿದು ಕೂತೇ ಇದ್ದ. "ಅಕ್ಕಾ, ಕಾರಣ ಅಂತ ಏನು ಬರೀಲಿ?" ಎಂದ. ರಾತ್ರಿ ಯಾರು ಏನು ಹೇಳಿದರು ಎಂದು ಬರೆದರೆ ಮ್ಯಾನೇಜರ್ ಹೆಸರು ಬರುತ್ತದೆ. ಬರೆಯದಿದ್ದರೆ ಎಲ್ಲ ತಪ್ಪೂ ಅವನದಾಗುತ್ತದೆ. ಇವರು ಹೇಳಿದ್ದು: "ಕಂಪ್ರೆಸರ್ ನಿಂತದ್ದು, ನೀನು ನೋಡಿದ ಹೊತ್ತು, ಬರೆಯದೆ ಬಿಟ್ಟದ್ದು, ಇಷ್ಟು ಬರಿ. ಫೋನ್‌ನಲ್ಲಿ ಏನು ಮಾತಾಯ್ತು ಅಂತ ವಿಚಾರಣೆಯಲ್ಲಿ ಕೇಳಿದರೆ ಇದ್ದದ್ದು ಹೇಳು. ನಾನು ಪಕ್ಕದಲ್ಲಿರ್ತೀನಿ." ವಿಚಾರಣೆ ದಿನ ಪಕ್ಕದಲ್ಲೇ ಇದ್ದರು.

ಒಂಬತ್ತು ದಿನಕ್ಕೆ ಉತ್ತರ ಬಂತು. ಹೆಚ್ಚಿನ ಮಾಲು ಬಳಸಬಹುದು, ಒಂದು ಬಗೆಯ ಇಂಜೆಕ್ಷನ್ ಮಾತ್ರ ನಾಶ ಮಾಡಬೇಕು. ಹುಡುಗನಿಗೆ ತರಬೇತಿ, ಮ್ಯಾನೇಜರ್‌ಗೆ ಲಿಖಿತ ಎಚ್ಚರಿಕೆ.

ನಿಜವಾದ ಪರೀಕ್ಷೆ ಆಮೇಲೆ ಬಂತು

ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿರುವ ಸಾಕ್ಷಿ ಆಗುತ್ತದೆ. ಪ್ರಾರ್ಥನಾ ಕೂಟದಲ್ಲಿ ಹೇಳಬಹುದು. ಆದರೆ ಆರು ವಾರ ಕಳೆದ ಮೇಲೆ ಸಹೋದರಿಯನ್ನು ಕೋಲ್ಡ್ ರೂಮಿನಿಂದ ತೆಗೆದು, ಅಂಗಡಿಗಳಿಂದ ವಾಪಸ್ ಬಂದ ಮಾಲು ಎಣಿಸುವ ವಿಭಾಗಕ್ಕೆ ಹಾಕಿದರು. ಸಂಬಳ ಅಷ್ಟೇ, ಇನ್‌ಚಾರ್ಜ್ ಎಂಬ ಸ್ಥಾನ ಹೋಯಿತು. ಆದೇಶದಲ್ಲಿ ಕಾರಣ ಇರಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು.

"ಸುಳ್ಳು ಬರೆಯಲ್ಲ ಅನ್ನೋದು ಸುಲಭ ಇತ್ತು ಅಣ್ಣ, ಇದು ಆಗ್ತಿಲ್ಲ" ಎಂದು ಅತ್ತರು. ನಾನು ಈ ಮಾತನ್ನು ಮರೆತಿಲ್ಲ. ಮೊದಲನೇ ಆಜ್ಞೆ ಪಾಪ ಮಾಡು ಎಂದಿತ್ತು, ಅದಕ್ಕೆ ಇಲ್ಲ ಎನ್ನಬಹುದಿತ್ತು. ಎರಡನೇ ಆಜ್ಞೆ ಅನ್ಯಾಯದ್ದು, ಆದರೆ ಅದು ಇವರನ್ನು ಪಾಪ ಮಾಡು ಎಂದು ಹೇಳುತ್ತಿಲ್ಲ. ಪೇತ್ರನ 2:18 ನೇರವಾಗಿ ಬಂದು ನಿಲ್ಲುವುದು ಇಂಥ ಕಡೆಯೇ.

ಇಲ್ಲಿ ಎಚ್ಚರಿಕೆಯಿಂದ ಮಾತಾಡಬೇಕು. ಈ ವಚನವನ್ನು ಹಿಡಿದು ಎಷ್ಟೋ ಜನರ ಬಾಯಿ ಮುಚ್ಚಿಸಿದ್ದಾರೆ. ಗುಲಾಮಗಿರಿಯನ್ನು ಸಮರ್ಥಿಸಿದವರೂ ಇದನ್ನೇ ಓದಿದರು. ಪೇತ್ರ ಬರೆದದ್ದು ಮನೆಯಾಳುಗಳಾಗಿದ್ದ ದಾಸರಿಗೆ. ರಾಜೀನಾಮೆ ಎಂಬುದು ಅವರಿಗೆ ಇರಲಿಲ್ಲ. ಬಿಡುಗಡೆ ಸಿಗುವ ಹಾಗಿದ್ದರೆ ಅದನ್ನು ಉಪಯೋಗಿಸಿಕೋ ಎಂದು ಪೌಲ 1 ಕೊರಿಂಥ 7:21ರಲ್ಲಿ ದಾಸನಿಗೇ ಹೇಳುತ್ತಾನೆ ಎಂದು ಹೆಚ್ಚಿನವರು ಓದುತ್ತಾರೆ. ಕೆಲಸ ಬಿಡುವುದು ಅವಿಧೇಯತೆ ಅಲ್ಲ. ಕಿರುಕುಳ, ಹಲ್ಲೆ ನಡೆಯುವ ಕಡೆ ಸಹಿಸಿಕೊಂಡು ಕೂತುಕೋ ಎಂದು ಯಾರಿಗೂ ಸಲಹೆ ಕೊಡಬಾರದು. ಸಭಾಪಾಲಕರು ಕೂಡ.

ಮೇಲ್ಮನವಿಯೂ ಅವಿಧೇಯತೆ ಅಲ್ಲ. ಫಿಲಿಪ್ಪಿಯಲ್ಲಿ ವಿಚಾರಣೆ ಇಲ್ಲದೆ ಹೊಡೆದು ಸೆರೆಗೆ ಹಾಕಿದ ಅಧಿಕಾರಿಗಳು ಮರುದಿನ ಗುಟ್ಟಾಗಿ ಕಳಿಸಿಬಿಡಲು ನೋಡಿದಾಗ, ಪೌಲ ಒಪ್ಪಲಿಲ್ಲ. ನಾವು ರೋಮಿನ ಪ್ರಜೆಗಳು, ಅವರೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಎಂದ. ಮುಂದೆ ರೋಮಿನ ಚಕ್ರವರ್ತಿ ಕೈಸರನ ತನಕ ಮೇಲ್ಮನವಿ ಹಾಕಿದ. ಅಧಿಕಾರಿಗಳಿಗೆ ಅಧೀನರಾಗಿರಿ ಎಂದು ರೋಮಾಪುರ 13ರಲ್ಲಿ ಬರೆದವನೇ ಇದನ್ನೆಲ್ಲ ಮಾಡಿದ್ದು. ಹಾಗಾಗಿ ಸಹೋದರಿಗೆ ಮನವಿ ಬರೆಯಲು ಹೇಳಿದೆ. ಒಂದೂವರೆ ಪುಟ ಬರೆದರು. ಮೊದಲ ಕರಡಿನಲ್ಲಿ ಮ್ಯಾನೇಜರ್ ಬಗ್ಗೆ ಏಳೆಂಟು ಸಾಲು ಇತ್ತು. ನಿಜವೇ, ಆದರೆ ವರ್ಗಾವಣೆಗೆ ಸಂಬಂಧವಿಲ್ಲದ ನಿಜ. ಅದನ್ನು ಅವರೇ ಹೊಡೆದುಹಾಕಿದರು. ಮೂರು ವಾರಕ್ಕೆ ಉತ್ತರ ಬಂತು: ಆದೇಶದಲ್ಲಿ ಬದಲಾವಣೆ ಇಲ್ಲ.

ಬೇರೆ ಕೆಲಸ ಹುಡುಕುತ್ತೀರಾ ಎಂದು ಕೇಳಿದೆ. ಸದ್ಯಕ್ಕೆ ಬೇಡ ಎಂದರು. ಇಸ್ರಾಯೇಲಿನ ದುಷ್ಟ ದೊರೆ ಅಹಾಬನ ಅರಮನೆಯಲ್ಲಿ ಓಬದ್ಯ ಎಂಬ ದೇವಭಕ್ತ ಮೇಲ್ವಿಚಾರಕನಾಗಿದ್ದು, ನೂರು ಮಂದಿ ಪ್ರವಾದಿಗಳನ್ನು ಗವಿಗಳಲ್ಲಿ ಐವತ್ತೈವತ್ತು ಮಂದಿಯಾಗಿ ಅಡಗಿಸಿ ಸಾಕಿದ ಕಥೆ 1 ಅರಸುಗಳು 18ರಲ್ಲಿದೆ. ಅವರು ಆ ದಿನಗಳಲ್ಲಿ ಅದನ್ನೇ ಓದುತ್ತಿದ್ದರು. "ಅವನು ಎಷ್ಟು ವರ್ಷ ಅಲ್ಲಿದ್ದನೋ ಅಣ್ಣ" ಎಂದು ಒಂದು ಸಲ ಹೇಳಿದರು, ಅಷ್ಟೇ.

ವಾಪಸ್ ಮಾಲಿನ ವಿಭಾಗದಲ್ಲಿ ಈಗ ಏಳು ತಿಂಗಳಾಯಿತು. ಒಡೆದ ಪೆಟ್ಟಿಗೆ, ಅವಧಿ ಮುಗಿದ ಸ್ಟ್ರಿಪ್, ಒಂದೊಂದಾಗಿ ಎಣಿಸಿ ಬರೆಯುವ ಕೆಲಸ. ಯಾರೂ ಬಂದು ನೋಡುವುದಿಲ್ಲ. ಮ್ಯಾನೇಜರ್ ಎದುರು ಸಿಕ್ಕಾಗ "ನಮಸ್ತೆ ಸರ್" ಎನ್ನುವುದು ಇವರೇ. ಎಷ್ಟೋ ದಿನ ಆ ಕಡೆಯಿಂದ ಉತ್ತರ ಬರುವುದಿಲ್ಲವಂತೆ.

ಕಳೆದ ತಿಂಗಳು ನನ್ನನ್ನು ಒಂದು ವಿಷಯ ಕೇಳಿದರು. ಅಲಾರ್ಮ್‌ನ ಎರಡನೇ ನಂಬರ್ ಇನ್ನೂ ಇವರದೇ ಇದೆ. ವರ್ಗಾವಣೆ ಆದ ಮೇಲೆ ಯಾರೂ ಬದಲಾಯಿಸಿಲ್ಲ. ಅದು ಈಗ ಇವರ ಕೆಲಸ ಅಲ್ಲ. ತೆಗೆಸಿಬಿಡಿ ಎಂದು ಹೇಳಬಹುದು, ಹೇಳಿದರೆ ತಪ್ಪೂ ಇಲ್ಲ. ನಾನೂ ಹಾಗೇ ಅಂದೆ.

ಅವರು ಹೇಳುವ ಮೊದಲೇ ಒಂದು ರಾತ್ರಿ ಮೂರು ಗಂಟೆಗೆ ಫೋನ್ ಹೊಡೆದುಕೊಂಡಿತು. ಎದ್ದು ಕೂತು ಗೋದಾಮಿಗೆ ಫೋನ್ ಮಾಡಿದರು. ಕೋಣೆಯ ಬಾಗಿಲು ಸರಿಯಾಗಿ ಕೂತಿರಲಿಲ್ಲ, ಹುಡುಗ ಓಡಿ ಹೋಗಿ ಹಾಕಿದ. ತಾಪಮಾನ 7ರಲ್ಲಿತ್ತು. ಆಮೇಲೆ ಮ್ಯಾನೇಜರ್‌ಗೆ ಫೋನ್ ಮಾಡಿದರು. ಈ ಸಲ ಅವರು ಎರಡನೇ ರಿಂಗ್‌ಗೇ ಎತ್ತಿದರು.

"ಸರ್, ಬಾಗಿಲು ತೆರೆದಿತ್ತು, ಹಾಕಿಸಿದ್ದೀನಿ. ಏಳು ದಾಟಿಲ್ಲ."

"ಹೂಂ. ನೋಡಿದೆ" ಎಂದು ಆ ಕಡೆಯಿಂದ ಇಟ್ಟರು.

ನಂಬರ್ ಇನ್ನೂ ತೆಗೆಸಿಲ್ಲ.